ಮದುವೆ ವಿಡಿಯೋ ಡಿವಿಡಿಗೆ ಹಾಕಬೇಕು, ಹಳೇ ಪ್ಲೇಯರ್ ಓದ್ತಾ ಇಲ್ಲ

ತೋಟದಮನೆ (ನಾಪೋಕ್ಲು)

ಮದುವೆ ವಿಡಿಯೋ ಇದೆ, ಒಟ್ಟು 2 ಗಂಟೆ 40 ನಿಮಿಷ. ಹೆಚ್ಚಿನದು ಕ್ಯಾಮೆರಾದ ಎಂಟಿಎಸ್ ಫೈಲು. 1920×1080, 25 ಫ್ರೇಮ್, ಇಂಟರ್ಲೇಸ್ಡ್ (ಫ್ರೇಮಿನ ಗೆರೆಗಳು ಎರಡು ಸರದಿಯಲ್ಲಿ), ಟಾಪ್ ಫೀಲ್ಡ್ ಫಸ್ಟ್ ಅಂತ ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೋ ತಂತ್ರಾಂಶ ಹೇಳುತ್ತೆ. ಉಳಿದದ್ದು ನೆಂಟರ ಫೋನಿನಿಂದ ಬಂದ ಎಂಪಿ4, ಅದರಲ್ಲಿ ಕೆಲವು ಉದ್ದುದ್ದ ಹಿಡಿದು ತೆಗೆದದ್ದು. ನೋಡುವವರು ತೋಟದ ಮನೆಯ ಹಿರಿಯರು. ಅಲ್ಲಿರೋದು ಡಬ್ಬಾ ಟಿವಿ (ಪಿಕ್ಚರ್ ಟ್ಯೂಬಿನದು), ಹಳೇ ಡಿವಿಡಿ ಪ್ಲೇಯರ್. ಸಿಗ್ನಲ್ ಇಲ್ಲ, ಹಾಗಾಗಿ ಯೂಟ್ಯೂಬ್ ಮಾತು ಬೇಡ.

ವಿಂಡೋಸಲ್ಲಿ ಖಾಲಿ ಡಿವಿಡಿ ಹಾಕಿದಾಗ ‘ವಿತ್ ಎ ಸಿಡಿ/ಡಿವಿಡಿ ಪ್ಲೇಯರ್’ ಅನ್ನೋದನ್ನೇ ಆರಿಸಿ ಎಂಪಿ4 ಕಾಪಿ ಆಗಿದೆ. ಲ್ಯಾಪ್‌ಟಾಪಲ್ಲಿ ಓಡುತ್ತೆ, ಪ್ಲೇಯರಲ್ಲಿ ‘ನೋ ಡಿಸ್ಕ್’. ಡಿಸ್ಕ್ ಕಳಪೆಯಾ, ಪ್ಲೇಯರ್ ಹಾಳಾಗಿದೆಯಾ?

ಬಿಟ್‌ರೇಟ್_ಗೋಣಿಕೊಪ್ಪ

ಎರಡೂ ಅಲ್ಲ. ವಿಂಡೋಸಿನ ಆ ಸಾಲು ಎಷ್ಟೋ ಜನರನ್ನ ದಾರಿ ತಪ್ಪಿಸಿದೆ. ಅಲ್ಲಿ ಬರುವ ಎರಡು ಆಯ್ಕೆಯೂ ಮಾಡೋದು ಡೇಟಾ ಡಿಸ್ಕನ್ನೇ. ಒಂದು ಪೆನ್‌ಡ್ರೈವ್ ಥರ ಸೇರಿಸಿ ಅಳಿಸಿ ಮಾಡುವಂಥದ್ದು, ಇನ್ನೊಂದು ಒಂದೇ ಸಲ ಬರೆದು ಮುಚ್ಚುವಂಥದ್ದು. ಎರಡರಲ್ಲೂ ಫೈಲು ಹೇಗಿತ್ತೋ ಹಾಗೇ ಕೂರುತ್ತೆ. ನಿಮ್ಮ ಪ್ಲೇಯರಿಗೆ ಎಂಪಿ4 ಒಳಗಿನ ಎಚ್.264 ಬಿಚ್ಚುವ ಚಿಪ್ಪೇ ಇಲ್ಲ.

ಅದಕ್ಕೆ ಬೇಕಾದ್ದು ಡಿವಿಡಿ-ವಿಡಿಯೋ. ಅಂದರೆ ಚಿತ್ರ ಎಂಪೆಗ್-2, ನಮ್ಮ ಕಡೆಯ ಟಿವಿ ಪದ್ಧತಿ ಪಾಲ್ ಆದರೆ 720×576, ಸೆಕೆಂಡಿಗೆ 25 ಫ್ರೇಮ್. ಧ್ವನಿ 48 ಕಿಲೋಹರ್ಟ್ಸ್, ಎಸಿ-3 ಅಥವಾ ಎಂಪಿ2 ಅಥವಾ ಪಿಸಿಎಂ. ಡಿಸ್ಕ್ ತೆರೆದ ಕೂಡಲೇ ಕಾಣುವ ಹಾಗೆ ‘ವಿಡಿಯೋ_ಟಿಎಸ್’ ಅನ್ನುವ ಫೋಲ್ಡರ್, ಅದರೊಳಗೆ ಐಎಫ್ಒ, ಬಿಯುಪಿ, ವಿಒಬಿ ಫೈಲುಗಳು. ವಿಒಬಿ ಒಂದೊಂದೂ 1 ಜಿಬಿ ಮೀರಲ್ಲ. ಐಎಫ್ಒ ಅನ್ನೋದು ಯಾವ ಅಧ್ಯಾಯ ಎಲ್ಲಿ ಶುರು, ಮೆನು ಎಲ್ಲಿ ಅನ್ನುವ ವಿಳಾಸ ಪಟ್ಟಿ; ಬಿಯುಪಿ ಅದರ ನಕಲು. ಇಷ್ಟು ಇಲ್ಲದ ಡಿಸ್ಕನ್ನ ಹಳೇ ಪ್ಲೇಯರ್ ಡಿಸ್ಕ್ ಅಂತಲೇ ಒಪ್ಪಲ್ಲ.

ಪ್ಲೇಯರ್ ಮುಖದ ಮೇಲೆ ‘ಡಿವ್‌ಎಕ್ಸ್’ ಗುರುತು ಇದ್ದರೆ ಡೇಟಾ ಡಿಸ್ಕಲ್ಲೇ ಎವಿಐ ಓಡಿಸಬಹುದು. ಆದರೆ ಚಿತ್ರ ಎಕ್ಸ್‌ವಿಡ್ ಆಗಿರಬೇಕು, 720×576 ಮೀರಬಾರದು, ಕ್ಯೂಪೆಲ್ ಮತ್ತು ಜಿಎಂಸಿ ಅನ್ನುವ ಎರಡು ಎನ್‌ಕೋಡರ್ ಆಯ್ಕೆ ಆಫ್ ಇರಬೇಕು, ಧ್ವನಿ ಒಂದೇ ದರದ ಎಂಪಿ3. ಹಿರಿಯರಿಗೆ ಕೊಡೋದಾದರೆ ಅದರ ಗೋಜಿಗೆ ಹೋಗಬೇಡಿ. ಡಿಸ್ಕ್ ತಳ್ಳಿದ ತಕ್ಷಣ ತಾನಾಗಿ ಓಡುವುದು ಡಿವಿಡಿ-ವಿಡಿಯೋ ಮಾತ್ರ.

ಕುಶಾಲನಗರದವ

ಹ್ಯಾಂಡ್‌ಬ್ರೇಕ್ ಹಾಕಿ ಕನ್ವರ್ಟ್ ಮಾಡಿ, ಸುಲಭ. ಡಿವಿಡಿ ಅಂತ ಪ್ರೀಸೆಟ್ ಇರಬೇಕು ನೋಡಿ.

ಬಿಟ್‌ರೇಟ್_ಗೋಣಿಕೊಪ್ಪ

ಹ್ಯಾಂಡ್‌ಬ್ರೇಕ್ ಡಿವಿಡಿಯಿಂದ ಫೈಲ್ ತೆಗೆಯುತ್ತೆ, ಫೈಲಿಂದ ಡಿವಿಡಿ ಮಾಡಲ್ಲ. ಈ ಕೆಲಸಕ್ಕೆ ಅದು ಉಲ್ಟಾ ಉಪಕರಣ.

ಬೇಕಾದ್ದು ಮೂರು, ಮೂರೂ ಪುಕ್ಕಟೆ. ಕನ್ವರ್ಟ್ ಮಾಡೋಕೆ ಎಫ್‌ಎಫ್‌ಎಂಪೆಗ್, ಮೆನು ಮತ್ತು ವಿಡಿಯೋ_ಟಿಎಸ್ ಕಟ್ಟೋಕೆ ಡಿವಿಡಿಸ್ಟೈಲರ್, ಬರೆಯೋಕೆ ಇಮ್ಜ್‌ಬರ್ನ್. ಲಿನಕ್ಸಾದರೆ ಬರೆಯೋಕೆ ಕೆ3ಬಿ. ವಿಂಡೋಸ್ ಡಿವಿಡಿ ಮೇಕರ್ ಹುಡುಕಬೇಡಿ. ಅದು ವಿಸ್ತಾ, 7ರ ಕಾಲಕ್ಕೆ ಇತ್ತು, 8ರಿಂದ ತೆಗೆದುಬಿಟ್ಟರು.

ಡಿವಿಡಿಸ್ಟೈಲರ್ ಒಂದೇ ಸಾಕು ಅನ್ನುವವರಿದ್ದಾರೆ. ಫೋನ್ ವಿಡಿಯೋ ಒಂದೆರಡು ಇದ್ದರೆ ಸಾಕೂ ಸಾಕು. ನಿಮ್ಮದರಲ್ಲಿ ಇಂಟರ್ಲೇಸ್ಡ್ ಇದೆ, ಫೋನ್ ಇದೆ, ಉದ್ದ ಚಿತ್ರ ಇದೆ. ಮೊದಲೇ ಬೇರೆ ಬೇರೆಯಾಗಿ ಕನ್ವರ್ಟ್ ಮಾಡಿ, ಡಿವಿಡಿಸ್ಟೈಲರಲ್ಲಿ ಫಾರ್ಮ್ಯಾಟ್ ಕಾಲಮಿಗೆ ‘ಕಾಪಿ’ ಕೊಟ್ಟು ಬರೀ ಜೋಡಣೆಗೆ ಬಳಸಿ. ಇಲ್ಲದಿದ್ದರೆ ಎರಡನೇ ಸಲ ಕುಗ್ಗಿಸಿ ಚಿತ್ರ ಕೆಡಿಸುತ್ತೆ.

ಈಗ ಲೆಕ್ಕ. ಒಂದು ಪದರದ ಡಿಸ್ಕ್ 4.7 ಜಿಬಿ ಅಂತ ಬರೆದಿರುತ್ತೆ, ವಿಂಡೋಸ್ 4.37 ಅಂತ ತೋರಿಸುತ್ತೆ. ಮೋಸವಲ್ಲ, ಎಣಿಸುವ ರೀತಿ ಬೇರೆ. ಮೆನು, ಪ್ಯಾಕಿಂಗ್ ಎಲ್ಲ ಕಳೆದರೆ ಕೈಲೆಕ್ಕ ಹೀಗೆ: 600ನ್ನು ಒಟ್ಟು ನಿಮಿಷದಿಂದ ಭಾಗಿಸಿ, ಬಂದದ್ದರಲ್ಲಿ ಧ್ವನಿಗೆ 0.2 ಕಳೆಯಿರಿ. ಅದು ಸೆಕೆಂಡಿಗೆ ಚಿತ್ರಕ್ಕೆ ಸಿಗುವ ಮೆಗಾಬಿಟ್, ಅಂದರೆ ಬಿಟ್‌ರೇಟ್.

90 ನಿಮಿಷಕ್ಕೆ 6.4. 120ಕ್ಕೆ 4.8. ನಿಮ್ಮ 160ಕ್ಕೆ 3.55. ಕೂತು ಮಾತಾಡುವ ದೃಶ್ಯಕ್ಕೆ 3.55 ಹೇಗೋ ನಡೆಯುತ್ತೆ. ವಾಲಗಕ್ಕೆ ಕುಣಿಯುವ ಗುಂಪು, ಹಿಂದೆ ಅಲ್ಲಾಡುವ ಎಲೆ, ಮಿಂಚುವ ಲೈಟು ಬಂದ ಕೂಡಲೇ ಚೌಕ ಚೌಕವಾಗಿ ಒಡೆಯುತ್ತೆ. 80 ನಿಮಿಷದ ಎರಡು ಡಿಸ್ಕ್ ಮಾಡಿ, ತಲಾ 7 ಮೆಗಾಬಿಟ್ ಸಿಗುತ್ತೆ. ಮುಹೂರ್ತದವರೆಗೆ ಒಂದು, ಗಂಗಾಪೂಜೆಯಿಂದ ಮುಂದಕ್ಕೆ ಇನ್ನೊಂದು, ನೋಡುವವರಿಗೂ ಅನುಕೂಲ.

60 ನಿಮಿಷಕ್ಕೆ ಲೆಕ್ಕದ ಪ್ರಕಾರ 9.8 ಬರುತ್ತೆ ಅಂತ ಅಷ್ಟೂ ಕೊಡಬೇಡಿ. ನಿಯಮದಲ್ಲಿ ಚಿತ್ರದ ಮಿತಿ 9.8, ಧ್ವನಿಯೂ ಸೇರಿ 10.08. ಆದರೆ ಮನೆಯಲ್ಲಿ ಬರೆದ ಡಿಸ್ಕಿನಿಂದ ಅಷ್ಟು ವೇಗವಾಗಿ ಓದೋಕೆ ಹಳೇ ಲೆನ್ಸ್ ತಿಣುಕಾಡುತ್ತೆ. ಸರಾಸರಿ 7, ಗರಿಷ್ಠ 8 ಇಟ್ಟರೆ ಸಾಕು. ಎರಡು ಪಾಸ್ ವಿಬಿಆರ್ (ಮೊದಲು ಅಳೆದು, ಆಮೇಲೆ ಬಿಟ್ ಹಂಚುವ ಬಗೆ) ಮಾಡಿ. ಸಮಯ ದುಪ್ಪಟ್ಟು ಹಿಡಿಯುತ್ತೆ. ಕುಣಿತಕ್ಕೆ ಹೆಚ್ಚು, ಸ್ಟೇಜಿಗೆ ಕಡಿಮೆ ಅಂತ ತಾನೇ ಹಂಚಿಕೊಳ್ಳುತ್ತೆ.

ಹಳೇ_ಪ್ಲೇಯರ್ (ವಿರಾಜಪೇಟೆ)

ಡ್ಯುಯಲ್ ಲೇಯರ್ 8.5 ಜಿಬಿ ಒಂದೇ ಡಿಸ್ಕಲ್ಲಿ ಮುಗೀತಲ್ಲ ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡ್ತೀನಿ, ಬೇಡ. ಮೊದಲ ಪದರದಿಂದ ಎರಡನೆಯದಕ್ಕೆ ಜಿಗಿಯುವ ಕಡೆ ಹಳೇ ಪ್ಲೇಯರ್ ನಿಂತುಬಿಡೋದು ಸಾಮಾನ್ಯ. ಮದುವೆಯ ನಟ್ಟನಡುವೆಯೇ ಬರುತ್ತೆ ಆ ಜಾಗ.

ಡಿಸ್ಕ್ ಆಯ್ಕೆ ವಿಷಯ. ಹಳೇ ಪ್ಲೇಯರಿಗೆ ಡಿವಿಡಿ ಮೈನಸ್ ಆರ್ (DVD-R) ಮೊದಲ ಆಯ್ಕೆ. ಪ್ಲಸ್ ಆರ್ ಮಾತ್ರ ಸಿಕ್ಕರೆ ಇಮ್ಜ್‌ಬರ್ನಲ್ಲಿ ‘ಬುಕ್ ಟೈಪ್’ (ಡಿಸ್ಕ್ ಯಾವ ಬಗೆ ಅನ್ನುವ ಗುರುತು) ಬಟನ್ ಒತ್ತಿ ಡಿವಿಡಿ-ರೋಮ್ (DVD-ROM)‌ಗೆ ಬದಲಿಸಿ ಬರೆಯಿರಿ. ಕಾರ್ಖಾನೆಯಲ್ಲಿ ಒತ್ತಿದ ಡಿಸ್ಕ್ ಅಂತಲೇ ತಿಳಿದು ಪ್ಲೇಯರ್ ಓದುತ್ತೆ. ಎಲ್ಲ ಡ್ರೈವಿಗೂ ಆ ಸೌಲಭ್ಯ ಇಲ್ಲ. ಮೈನಸ್ ಆರ್ ಡಿಸ್ಕಲ್ಲಿ ಇದನ್ನ ಬದಲಿಸೋಕೆ ಬರಲ್ಲ.

ಆರ್‌ಡಬ್ಲ್ಯು ಡಿಸ್ಕ್ (ಅಳಿಸಿ ಮತ್ತೆ ಬರೆಯುವಂಥದ್ದು) ಪರೀಕ್ಷೆಗೆ ಇಟ್ಟುಕೊಳ್ಳಿ. ಅದರ ಹೊಳಪು ಕಡಿಮೆ, ವಾಪಸ್ ಬರುವ ಬೆಳಕೂ ಕಡಿಮೆ. ಆರ್‌ಡಬ್ಲ್ಯು ಓಡಲಿಲ್ಲ ಅಂದಮಾತ್ರಕ್ಕೆ ನಿಮ್ಮ ಕೆಲಸ ತಪ್ಪು ಅಂತ ಅರ್ಥವಲ್ಲ. ಓಡಿತು ಅಂದರೆ ಮೈನಸ್ ಆರ್ ಬಹುತೇಕ ಓಡುತ್ತೆ ಅಂತ ಧೈರ್ಯ.

ತೋಟದಮನೆ

ಎರಡು ಡಿಸ್ಕ್ ಅಂತ ನಿರ್ಧಾರ. ಎಂಟಿಎಸ್ ಫೈಲು ಎಲ್ಲ 2 ಜಿಬಿ ಹತ್ತಿರ ತುಂಡಾಗಿದೆ. ಒಂದೊಂದನ್ನೇ ಪಾಲ್ ಡಿವಿಡಿಗೆ ಬದಲಿಸಿ ನೋಡಿದರೆ ಎರಡು ತೊಂದರೆ. ತುಂಡು ಸೇರುವ ಕಡೆ ಕೊಂಬಿನ (ಊದುವ ವಾದ್ಯ) ಸದ್ದು ‘ಟಕ್’ ಅಂತ ಕಡಿಯುತ್ತೆ. ಜನ ಓಡಾಡುವಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ, ಅದೂ ಮಸುಕು ಮಸುಕು.

ಕೊಂಬುಕೊಟ್ಟು

ಮೊದಲನೆಯದು ಸುಲಭ. ಕ್ಯಾಮೆರಾ ಒಂದೇ ಶಾಟನ್ನ ಕಾರ್ಡಿನ ಫೈಲ್ ಮಿತಿಗೋಸ್ಕರ ಕತ್ತರಿಸಿದೆ. ಕತ್ತರಿ ಬಿದ್ದ ಜಾಗಕ್ಕೆ ಧ್ವನಿಯ ಫ್ರೇಮ್ ಸರಿಯಾಗಿ ಮುಗಿದಿರಲ್ಲ, ಅರ್ಧ ಈ ಫೈಲಲ್ಲಿ, ಅರ್ಧ ಮುಂದಿನದರಲ್ಲಿ. ಕನ್ವರ್ಟ್ ಮಾಡುವ ಮೊದಲೇ ಒಂದಾಗಿಸಬೇಕು. ಒಂದೇ ಶಾಟಿನ ಎಂಟಿಎಸ್ ತುಂಡುಗಳನ್ನ ಬೈನರಿ ಕಾಪಿಯಲ್ಲಿ ಒಂದರ ಹಿಂದೆ ಒಂದು ಅಂಟಿಸಿದರೆ ಸಾಕು. ಎಂಪಿ4ಗೆ ಹೀಗೆ ಮಾಡೋಕೆ ಬರಲ್ಲ. ಅದರ ಸೂಚಿ ಪ್ರತಿ ಫೈಲಿಗೂ ಬೇರೆ.

ಎರಡನೆಯದು ಇಡೀ ಕೆಲಸದಲ್ಲೇ ಹೆಚ್ಚು ಎಡವುವ ಜಾಗ, ಸ್ವಲ್ಪ ಬಿಡಿಸಿ ಹೇಳ್ತೀನಿ.

ಇಂಟರ್ಲೇಸ್ಡ್ ಚಿತ್ರದ ಒಂದು ಫ್ರೇಮಲ್ಲಿ ಎರಡು ಬೇರೆ ಕ್ಷಣಗಳಿವೆ. 1, 3, 5ನೇ ಗೆರೆಗಳು ಒಂದು ಕ್ಷಣದ್ದು, 2, 4, 6ನೇ ಗೆರೆಗಳು ಸೆಕೆಂಡಿನ ಐವತ್ತನೇ ಒಂದು ಭಾಗ ಆದಮೇಲಿನದ್ದು. ಈ ಒಂದೊಂದು ಗುಂಪೇ ಒಂದು ಫೀಲ್ಡ್. 1080 ಗೆರೆಯ ಫ್ರೇಮನ್ನ ಇಡಿಯಾಗಿ 576ಕ್ಕೆ ಕುಗ್ಗಿಸಿದರೆ ಆ ಎರಡು ಕ್ಷಣಗಳು ಕಲಸಿಹೋಗುತ್ತವೆ. ನೀವು ನೋಡಿದ ಮಸುಕು ಬಾಚಣಿಗೆ ಅದೇ. ಒಮ್ಮೆ ಕಲಸಿದ್ದನ್ನ ಆಮೇಲೆ ಯಾವ ಫಿಲ್ಟರೂ ಬೇರೆ ಮಾಡಲ್ಲ.

ಸರಿಯಾದ ದಾರಿ: ಮೊದಲು ಎಫ್‌ಎಫ್‌ಎಂಪೆಗ್‌ನ ಯಾಡಿಫ್ ಫಿಲ್ಟರನ್ನ ಪ್ರತಿ ಫೀಲ್ಡಿಗೂ ಒಂದು ಫ್ರೇಮ್ ಕೊಡುವ ಬಗೆಯಲ್ಲಿ, ಅಂದರೆ ಮೋಡ್ 1ರಲ್ಲಿ ಓಡಿಸಿ. 25 ಇದ್ದದ್ದು 50 ಪೂರ್ಣ ಫ್ರೇಮ್ ಆಗುತ್ತೆ. ಅದನ್ನ 720×576ಕ್ಕೆ ಕುಗ್ಗಿಸಿ. ಕೊನೆಗೆ ಟಿಂಟರ್ಲೇಸ್ ಫಿಲ್ಟರಲ್ಲಿ ‘ಇಂಟರ್ಲೀವ್ ಟಾಪ್’ ಕೊಟ್ಟು 50ನ್ನು ಮತ್ತೆ 25 ಇಂಟರ್ಲೇಸ್ಡ್ ಮಾಡಿ. ಎಂಪೆಗ್-2 ಎನ್‌ಕೋಡರಿಗೆ ಇಂಟರ್ಲೇಸ್ಡ್ ಡಿಸಿಟಿ, ಇಂಟರ್ಲೇಸ್ಡ್ ಮೋಷನ್ ಎಸ್ಟಿಮೇಷನ್ ಎರಡೂ ಫ್ಲ್ಯಾಗ್ ಹಾಕಿ, ಟಾಪ್ ಫೀಲ್ಡ್ ಫಸ್ಟ್ ಅಂತ ತಿಳಿಸಿ. ಟಿಂಟರ್ಲೇಸಿನ ಲೋ ಪಾಸ್ ಆಯ್ಕೆಯನ್ನೂ ಹಾಕಿಕೊಳ್ಳಿ. ಇಲ್ಲದಿದ್ದರೆ ಸೀರೆಯ ಸಣ್ಣ ಜರಿ ಗೆರೆ ಡಬ್ಬಾ ಟಿವಿಯಲ್ಲಿ ಪಟಪಟ ಮಿಟುಕುತ್ತೆ.

‘ಡಿಇಂಟರ್ಲೇಸ್ ಮಾಡಿ 25 ಮಾಡಿದರೆ ಆಯ್ತಲ್ಲ’ ಅನ್ನುವವರಿಗೆ: ಆಗುತ್ತೆ, ಆದರೆ ಅರ್ಧ ಚಲನೆ ಬಿಸಾಕಿದ ಹಾಗೆ. ವಾಲಗದ ಕುಣಿತ 25ರಲ್ಲಿ ತಡೆತಡೆದು ಕಾಣುತ್ತೆ, 50 ಫೀಲ್ಡಿನಲ್ಲಿ ನೀರು ಹರಿದ ಹಾಗೆ ಇರುತ್ತೆ. ಡಬ್ಬಾ ಟಿವಿ ಹುಟ್ಟಿದ್ದೇ ಇಂಟರ್ಲೇಸ್ಡ್ ತೋರಿಸೋಕೆ.

ಫೀಲ್ಡ್ ಕ್ರಮ ತಪ್ಪಿದರೆ ಗುರುತು ಹಿಡಿಯೋದು ಸುಲಭ. ನಿಂತದ್ದು ಚೆನ್ನಾಗಿರುತ್ತೆ, ನಡೆಯುವವರು ಮುಂದೆ ಎರಡು ಹೆಜ್ಜೆ ಹಿಂದೆ ಒಂದು ಹೆಜ್ಜೆ ಅನ್ನುವಂತೆ ನಡುಗುತ್ತಾರೆ. ಲ್ಯಾಪ್‌ಟಾಪಲ್ಲಿ ವಿಎಲ್‌ಸಿ ಇದನ್ನ ಮರೆಮಾಚಬಹುದು, ಟಿವಿಯಲ್ಲೇ ನೋಡಬೇಕು. ಈ ಹೊಸ ಕ್ಯಾಮೆರಾಗಳದು ಟಾಪ್ ಫಸ್ಟ್. ಹಳೇ ಮಿನಿಡಿವಿ ಟೇಪಿನದಾದರೆ ಬಾಟಮ್ ಫಸ್ಟ್, ಅದನ್ನ ಹಾಗೇ ಬಾಟಮ್ ಅಂತಲೇ ಎನ್‌ಕೋಡ್ ಮಾಡಿ.

ಮಂಜು_ಮುಸುಕು (ಸೋಮವಾರಪೇಟೆ)

ಬಣ್ಣದ ವಿಷಯ ಯಾರೂ ಹೇಳಲಿಲ್ಲ. ಎಚ್‌ಡಿ ವಿಡಿಯೋದ ಬಣ್ಣದ ಲೆಕ್ಕ ಬಿಟಿ.709, ಡಿವಿಡಿಯದು ಬಿಟಿ.601. ಕುಗ್ಗಿಸುವಾಗ ಸ್ಕೇಲ್ ಫಿಲ್ಟರಿಗೆ ‘709ರಿಂದ 601’ ಅಂತ ಒಳ ಹೊರ ಎರಡೂ ಹೇಳಬೇಕು. ಹೇಳದಿದ್ದರೆ ಕೆಂಪು ಒಂದಿಷ್ಟು ಮಂಕು, ಹಸಿರು ಬೇಕಾದ್ದಕ್ಕಿಂತ ಹೊಳಪು. ಮದುಮಗಳ ಕೆಂಪು ಸೀರೆ, ಹಿಂದೆ ಕಾಫಿ ಗಿಡ. ನಮ್ಮ ಕಡೆ ಮದುವೆಯಲ್ಲಿ ಈ ಎರಡೇ ಬಣ್ಣ ಹೆಚ್ಚು, ತಪ್ಪಾದರೆ ಎದ್ದು ಕಾಣುತ್ತೆ.

ಇನ್ನು ಹೊಸ ಫೋನಿನ ಎಚ್‌ಡಿಆರ್ (ಬೆಳಕಿನ ವ್ಯಾಪ್ತಿ ಹೆಚ್ಚಿರುವ) ವಿಡಿಯೋ ಹಾಗೇ ಬದಲಿಸಿದರೆ ಮಂಜು ಕವಿದಂತೆ ಬೂದು ಬೂದಾಗಿ ಬರುತ್ತೆ. ಮೀಡಿಯಾಇನ್ಫೋದಲ್ಲಿ ಬಿಟಿ.2020, ಎಚ್‌ಎಲ್‌ಜಿ ಅಂತ ಕಂಡರೆ ಮೊದಲು ಟೋನ್ ಮ್ಯಾಪಿಂಗ್, ಅಂದರೆ ಆ ವ್ಯಾಪ್ತಿಯನ್ನ ಮಾಮೂಲಿ ಮಟ್ಟಕ್ಕೆ ಇಳಿಸುವುದು, ಮಾಡಿಕೊಳ್ಳಬೇಕು. ಫೋನಿಂದಲೇ ಎಸ್‌ಡಿಆರ್ ಆಗಿ ಎಕ್ಸ್‌ಪೋರ್ಟ್ ಮಾಡಿಸಿ ತರಿಸಿಕೊಂಡರೆ ಇನ್ನೂ ಒಳ್ಳೇದು.

ತೋಟದಮನೆ

ಕೊಂಬುಕೊಟ್ಟು ಅಣ್ಣ, ಸರಿಯಾಯ್ತು, ಗೆರೆ ಹೋಯ್ತು. ಫೋನಿನದರಲ್ಲಿ ಮೊದಲು ಮಾತಿಗೂ ತುಟಿಗೂ ಹೊಂದುತ್ತೆ, ಹತ್ತು ನಿಮಿಷ ಆಗೋಷ್ಟರಲ್ಲಿ ಧ್ವನಿ ಹಿಂದೆ ಬೀಳುತ್ತೆ.

ಕೊಂಬುಕೊಟ್ಟು

ಮೊದಲಿಂದ ಕೊನೆವರೆಗೂ ಒಂದೇ ಅಂತರ ಇದ್ದರೆ ಬರೀ ವಿಳಂಬ, ಒಂದು ಸಂಖ್ಯೆ ಕೊಟ್ಟು ಸರಿಪಡಿಸಬಹುದು. ಹೋಗ್ತಾ ಹೋಗ್ತಾ ಹೆಚ್ಚಾದರೆ ಫ್ರೇಮ್ ದರದ ಕಾಯಿಲೆ. ಫೋನ್ ಕತ್ತಲಲ್ಲಿ ಸೆಕೆಂಡಿಗೆ 24, ಬೆಳಕಲ್ಲಿ 30, ಹೀಗೆ ತನಗೆ ತೋಚಿದಂತೆ ಬದಲಿಸುತ್ತೆ. ಮೀಡಿಯಾಇನ್ಫೋದಲ್ಲಿ ‘ವೇರಿಯಬಲ್’ ಅಂತ ಇರುತ್ತೆ ನೋಡಿ. ಎಡಿಟರುಗಳು ಅದನ್ನ ಒಂದೇ ದರ ಅಂತ ಭಾವಿಸಿ ಜೋಡಿಸಿದಾಗ ಧ್ವನಿ ಜಾರುತ್ತೆ. ಮೊದಲು ಸ್ಥಿರ ದರಕ್ಕೆ ತನ್ನಿ, ಆಮೇಲೆ ಉಳಿದ ಕೆಲಸ.

ಯಾವ ದರ ಅನ್ನೋದು ಮುಂದಿನ ಪ್ರಶ್ನೆ. ಬರೀ ಫೋನ್ ವಿಡಿಯೋ ಆಗಿದ್ದರೆ ಪಾಲ್ ಬಿಟ್ಟು ಅಮೆರಿಕದ ಪದ್ಧತಿಯಾದ ಎನ್‌ಟಿಎಸ್‌ಸಿಯಲ್ಲೇ, 720×480, 29.97ರಲ್ಲಿ ಡಿಸ್ಕ್ ಮಾಡಿ ಅಂತ ಹೇಳ್ತಿದ್ದೆ. ನಮ್ಮಲ್ಲಿ ಸಿಗುವ ಪ್ಲೇಯರ್, ಟಿವಿ ಬಹುಪಾಲು ಎರಡನ್ನೂ ತೋರಿಸುತ್ತವೆ. ನಿಮ್ಮ ಮುಖ್ಯ ಭಾಗ 50 ಫೀಲ್ಡಿನದು, ಒಂದು ಡಿಸ್ಕಲ್ಲಿ ಎರಡು ಪದ್ಧತಿ ಬೆರೆಸೋಕೆ ಬರಲ್ಲ, ಹಾಗಾಗಿ ಪಾಲೇ ಇರಲಿ.

30ನ್ನು ನೇರ 25 ಮಾಡಿದರೆ ಆರರಲ್ಲಿ ಒಂದು ಫ್ರೇಮ್ ಬಿದ್ದುಹೋಗಿ ಕ್ಯಾಮೆರಾ ತಿರುಗಿಸಿದಾಗೆಲ್ಲ ಕುಲುಕುತ್ತೆ. ಬದಲಿಗೆ 30ರಿಂದ 50ಕ್ಕೆ ಏರಿಸಿ, ಆಮೇಲೆ ಮೇಲೆ ಹೇಳಿದ ಹಾಗೇ ಇಂಟರ್ಲೇಸ್ ಮಾಡಿ. ಯಾವ ಫ್ರೇಮೂ ಬೀಳಲ್ಲ, ಕೆಲವು ಎರಡು ಫೀಲ್ಡು ಇರುತ್ತವೆ, ಕೆಲವು ಒಂದು. ಕುಲುಕು ಕಣ್ಣಿಗೆ ಅಷ್ಟಾಗಿ ತಟ್ಟಲ್ಲ. ಮೋಷನ್ ಇಂಟರ್‌ಪೊಲೇಷನ್ ಹಾಕಿ ಮಧ್ಯದ ಫ್ರೇಮ್ ಹುಟ್ಟಿಸೋಕೆ ಹೋಗಬೇಡಿ. ಕುಣಿಯುವವರ ಕೈಕಾಲು ಸುತ್ತ ಮೇಣ ಕರಗಿದ ಹಾಗೆ ಆಗುತ್ತೆ, ಗಂಟೆಗಟ್ಟಲೆ ಸಮಯವೂ ದಂಡ.

ಉದ್ದ ಹಿಡಿದು ತೆಗೆದ ವಿಡಿಯೋ: 16:9 ಡಿಸ್ಕಲ್ಲಿ ಅದು 228 ಅಗಲ, 576 ಎತ್ತರ, ಎರಡೂ ಬದಿಗೆ 246 ಕಪ್ಪು. ಆದರೆ ಕೆಲವು ಟಿವಿ ಅಂಚನ್ನ ನುಂಗುತ್ತವೆ, ತಲೆಗೆ ಕತ್ತರಿ ಬೀಳಬಹುದು. 206×520 ಮಾಡಿ, ಬದಿಗೆ 257, ಮೇಲೆ ಕೆಳಗೆ 28 ಬಿಡಿ. ಹೆಸರು, ತಾರೀಖು ಬರೆಯೋದಿದ್ದರೆ ಬದಿಯಿಂದ 72, ಮೇಲೆ ಕೆಳಗಿಂದ 58 ಪಿಕ್ಸೆಲ್ ಬಿಟ್ಟು ಒಳಗೇ ಇರಲಿ.

ಕುಶಾಲನಗರದವ

ಇಷ್ಟೆಲ್ಲ ತಲೆನೋವು ಯಾಕೆ ಮಾರಾಯ್ರೆ, ಪ್ಲೇಯರ್ ಮುಂದೆ ಯುಎಸ್‌ಬಿ ಕಿಂಡಿ ಇದ್ದರೆ ಪೆನ್‌ಡ್ರೈವ್ ಚುಚ್ಚಿದರೆ ಮುಗೀತು.

ಹಳೇ_ಪ್ಲೇಯರ್

ಕಿಂಡಿ ಇದ್ದರೂ ಒಳಗಿನ ಚಿಪ್ ಅದೇ. ಅದೂ ಎಂಪೆಗ್, ಎಕ್ಸ್‌ವಿಡ್ ಅಷ್ಟನ್ನೇ ಓದೋದು. ಪೆನ್‌ಡ್ರೈವ್ ಎಫ್‌ಎಟಿ32 ಆಗಿರಬೇಕು, ಅದರಲ್ಲಿ ಒಂದು ಫೈಲ್ 4 ಜಿಬಿ ದಾಟೋಕಾಗಲ್ಲ. ಹೊಸ ಎಲ್‌ಇಡಿ ಟಿವಿ ಇದ್ದ ಮನೆಗೆ ಪೆನ್‌ಡ್ರೈವೇ ಸರಿ, 1080 ಎಚ್.264, ಧ್ವನಿ ಎಎಸಿ, ಚಿತ್ರವೂ ಚೆನ್ನ. ಇವರ ಪ್ರಶ್ನೆ ಆ ಮನೆಯದಲ್ಲ.

ತೋಟದಮನೆ

ಡಿವಿಡಿಸ್ಟೈಲರಿಗೆ ಬಂದೆ. ಮೆನುವಲ್ಲಿ ಕನ್ನಡ ಬರೆದರೆ ಒಂದು ಫಾಂಟಲ್ಲಿ ಇಂಗ್ಲಿಷ್ ಚಿಹ್ನೆಗಳ ರಾಶಿ, ಇನ್ನೊಂದರಲ್ಲಿ ಒತ್ತಕ್ಷರ ಪಕ್ಕಕ್ಕೆ ಬಿದ್ದಿದೆ. ಒಂದು ಭಾಗ ಮುಗಿದ ಮೇಲೆ ಮುಂದಿನದು ತಾನಾಗಿ ಬರಲ್ಲ.

ಮಂಜು_ಮುಸುಕು

ಚಿಹ್ನೆಗಳ ರಾಶಿ ಅಂದರೆ ನುಡಿ ಅಥವಾ ಬರಹದ ಹಳೇ, ಯೂನಿಕೋಡ್ ಅಲ್ಲದ ಅಕ್ಷರ. ಯೂನಿಕೋಡಿಗೆ ಬದಲಿಸಿ ಹಾಕಿ. ಒತ್ತಕ್ಷರದ ಜಗಳ ಆಡೋದೇ ಬೇಡ. ಮೆನು ಹಿನ್ನೆಲೆಯನ್ನ ಗಿಂಪಲ್ಲೋ ಇಂಕ್‌ಸ್ಕೇಪಲ್ಲೋ ಅಕ್ಷರ ಸಮೇತ ಚಿತ್ರವಾಗಿ ಮಾಡಿ. ನೋಟೋ ಸಾನ್ಸ್ ಕನ್ನಡ, ದಪ್ಪಕ್ಷರ, 32 ಪಾಯಿಂಟಿಗಿಂತ ಚಿಕ್ಕದು ಬೇಡ, ತೆಳು ಗೆರೆ ಡಬ್ಬಾ ಟಿವಿಯಲ್ಲಿ ನಡುಗುತ್ತೆ. 16:9 ಮೆನುವಿಗೆ 1024×576ರಲ್ಲಿ ಬರೆದು ಕೊನೆಗೆ 720×576ಕ್ಕೆ ಹಿಂಡಿ. ಟಿವಿಯಲ್ಲಿ ಮತ್ತೆ ಸರಿಯಾಗಿ ಹಿಗ್ಗುತ್ತೆ. ಅದರ ಮೇಲೆ ಖಾಲಿ ಬಟನ್ ಕೂರಿಸಿ. ಫೈಲ್ ಹೆಸರು, ಡಿಸ್ಕ್ ಲೇಬಲ್ ಮಾತ್ರ ಇಂಗ್ಲಿಷ್ ದೊಡ್ಡಕ್ಷರದಲ್ಲಿ, ನಡುವೆ ಜಾಗ ಬಿಡದೆ.

ವಿಡಿಯೋ ಒಳಗೇ ಕನ್ನಡ ಅಕ್ಷರ ಬೇಕಾದರೆ ಎಎಸ್ಎಸ್ ಸಬ್‌ಟೈಟಲ್ ಮಾಡಿ ಎಫ್‌ಎಫ್‌ಎಂಪೆಗ್‌ನಲ್ಲೇ ಚಿತ್ರದ ಮೇಲೆ ಅಚ್ಚೊತ್ತಿಸಿ. ಅದರಲ್ಲಿ ಒತ್ತಕ್ಷರ ಸರಿ ಬರುತ್ತೆ.

ಬಿಟ್‌ರೇಟ್_ಗೋಣಿಕೊಪ್ಪ

ಮುಂದಿನ ಭಾಗ ತಾನಾಗಿ ಬರೋಕೆ: ಆ ಟೈಟಲಿನ ಪ್ರಾಪರ್ಟೀಸಲ್ಲಿ ‘ಪೋಸ್ಟ್’ ಅಂತ ಒಂದು ಸಾಲು ಇದೆ. ಅಲ್ಲಿ ‘ಕಾಲ್ ಲಾಸ್ಟ್ ಮೆನು’ ಇರುತ್ತೆ, ಬದಲಿಗೆ ‘ಜಂಪ್ ಟೈಟಲ್ 2’ ಕೊಡಿ. ಕೊನೆಯದಕ್ಕೆ ಮಾತ್ರ ಮೆನುವಿಗೆ ವಾಪಸ್. ಇನ್ನೂ ಒಳ್ಳೇದೆಂದರೆ ಎಲ್ಲ ಒಂದೇ ಟೈಟಲ್ ಮಾಡಿ, ಒಳಗೆ ಅಧ್ಯಾಯ ಹಾಕಿ. ರಿಮೋಟಲ್ಲಿ ಮುಂದೆ ಬಟನ್ ಒತ್ತಿದರೆ ಸಾಕು, ಟೈಟಲ್ ಬದಲಾಗುವಾಗ ಬರುವ ಕಪ್ಪು ವಿರಾಮವೂ ಇರಲ್ಲ. 4:3, 16:9 ಎರಡೂ ಇದ್ದರೆ ಬೇರೆ ಬೇರೆ ಟೈಟಲ್‌ಸೆಟ್ ಬೇಕು, ಒಂದರಲ್ಲಿ ಬೆರೆಸಬೇಡಿ.

ಡಿಸ್ಕ್ ಹಾಕಿದ ಕೂಡಲೇ ಮೆನು ತೋರಿಸದೆ ನೇರ ಓಡುವಂತೆ ಮಾಡೋದು ಹಿರಿಯರಿಗೆ ಅನುಕೂಲ. ಪ್ಲೇಯರ್ ಸೆಟಪ್ಪಲ್ಲಿ ಟಿವಿ ಬಗೆ ‘4:3 ಲೆಟರ್‌ಬಾಕ್ಸ್’ ಇಟ್ಟು ಬನ್ನಿ. 16:9 ಅಂತ ಇದ್ದರೆ ಡಬ್ಬಾ ಟಿವಿಯಲ್ಲಿ ಎಲ್ಲರೂ ಸಣಕಲು.

ನೇರ ಡಿಸ್ಕಿಗೆ ಬರೆಯಬೇಡಿ, ಮೊದಲು ಐಎಸ್ಒ (ಇಡೀ ಡಿಸ್ಕಿನ ಒಂದೇ ಫೈಲ್ ಪ್ರತಿ) ಅಥವಾ ವಿಡಿಯೋ_ಟಿಎಸ್ ಫೋಲ್ಡರ್ ಮಾಡಿಕೊಳ್ಳಿ. ವಿಎಲ್‌ಸಿಯಲ್ಲಿ ತೆರೆದು ಮೆನು, ಅಧ್ಯಾಯ, ಫಾಸ್ಟ್ ಫಾರ್ವರ್ಡ್ ನೋಡಿ. ವಿಎಲ್‌ಸಿ ಯಾವ ತಪ್ಪನ್ನೂ ಕ್ಷಮಿಸಿ ಓಡಿಸುತ್ತೆ ಅನ್ನೋದು ಮಾತ್ರ ನೆನಪಿರಲಿ. ಒಟ್ಟು 4.2 ಜಿಬಿ ಒಳಗೇ ಇರಲಿ, ವಿಂಡೋಸ್ ಲೆಕ್ಕದಲ್ಲಿ. ಡಿಸ್ಕ್ ಬರೆಯೋದು ಒಳಗಿನ ಸುತ್ತಿಂದ ಹೊರಕ್ಕೆ. ಅಂಚಿನ ಹತ್ತಿರ ರಂಗು ಸರಿ ಹರಡಿರಲ್ಲ, ಡಿಸ್ಕ್ ಬಳುಕುವುದೂ ಅಲ್ಲೇ. ಕೊನೆಯ ಹತ್ತು ನಿಮಿಷ ತಡೆತಡೆದು ನಿಲ್ಲುತ್ತೆ ಅಂತ ದೂರುವವರ ಡಿಸ್ಕ್ ತೆಗೆದು ನೋಡಿದರೆ ಭರ್ತಿ ಅಂಚಿನವರೆಗೆ ತುಂಬಿರುತ್ತೆ.

ಹಳೇ_ಪ್ಲೇಯರ್

ಬರೆಯುವ ವೇಗ 4ಎಕ್ಸ್. ಪೂರ್ತಿ ಡಿಸ್ಕಿಗೆ ಕಾಲು ಗಂಟೆ ಹತ್ತಿರ. ಆದಷ್ಟು ನಿಧಾನ ಒಳ್ಳೇದು ಅಂತ 1ಎಕ್ಸ್ ಹುಡುಕುವವರಿದ್ದಾರೆ, ಈಗಿನ 16ಎಕ್ಸ್ ಡಿಸ್ಕಿನ ರಂಗು ಅಷ್ಟು ನಿಧಾನಕ್ಕೆ ಮಾಡಿದ್ದಲ್ಲ.

ಬಿಟ್‌ರೇಟ್_ಗೋಣಿಕೊಪ್ಪ

16ಎಕ್ಸ್ ಡಿಸ್ಕಿಗೆ 8ಎಕ್ಸ್ ಕೊಟ್ಟರೂ ತೊಂದರೆ ಇಲ್ಲ ಅನ್ನೋದು ನನ್ನ ಲೆಕ್ಕ. ಡ್ರೈವ್ ಒಳಗಿನ ಬರವಣಿಗೆ ತಂತ್ರ ಆ ವೇಗಕ್ಕೇ ಹೊಂದಿಸಿರುತ್ತಾರೆ.

ಹಳೇ_ಪ್ಲೇಯರ್

ಡೆಸ್ಕ್‌ಟಾಪ್ ಒಳಗಿನ ಡ್ರೈವ್ ಆದರೆ ಒಪ್ತೀನಿ. ಇವರದು ಲ್ಯಾಪ್‌ಟಾಪಿಗೆ ಹೊರಗಿಂದ ಚುಚ್ಚುವ ತೆಳು ಡ್ರೈವ್ ಇರಬಹುದು. ಅದಕ್ಕೆ ಬರೆಯುವಾಗ 1 ಆಂಪಿಯರ್ ಹತ್ತಿರ ಬೇಕಾಗುತ್ತೆ, ಯುಎಸ್‌ಬಿ 2 ಕಿಂಡಿ ಕೊಡೋದು ಅರ್ಧ ಆಂಪಿಯರ್. ವೇಗ ಹೆಚ್ಚಿದಷ್ಟೂ ಎಳೆತ ಹೆಚ್ಚು, ನಡುವೆ ‘ರೈಟ್ ಎರರ್’. ಎರಡು ತಲೆಯ ವೈ ಕೇಬಲ್ ಹಾಕಿ ಅಥವಾ ಯುಎಸ್‌ಬಿ 3 ಕಿಂಡಿಗೆ ಚುಚ್ಚಿ, ಹಬ್ ನಡುವೆ ಬೇಡ. ಮೈನಸ್ ಆರ್ ಅರ್ಧದಲ್ಲಿ ನಿಂತರೆ ಮತ್ತೆ ಬಳಕೆಗೆ ಬರಲ್ಲ.

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಕರೆಂಟ್ ನಂಬಿ ಡೆಸ್ಕ್‌ಟಾಪಲ್ಲಿ ಬರೆಯೋಕೆ ಕೂರಬೇಡಿ, ಯುಪಿಎಸ್ ಇಲ್ಲದಿದ್ದರೆ ಬ್ಯಾಟರಿ ಇರುವ ಲ್ಯಾಪ್‌ಟಾಪೇ ವಾಸಿ.

ಇಮ್ಜ್‌ಬರ್ನಲ್ಲಿ ಫೋಲ್ಡರ್ ಬರೆಯೋದಾದರೆ ಫೈಲ್ ಸಿಸ್ಟಂ ‘ಐಎಸ್ಒ9660 + ಯುಡಿಎಫ್’, ಯುಡಿಎಫ್ ಆವೃತ್ತಿ 1.02. ‘ವೆರಿಫೈ’ ಟಿಕ್ ಇರಲಿ. ಬರೆದಷ್ಟೇ ಸಮಯ ಮತ್ತೆ ಹಿಡಿಯುತ್ತೆ, ಬಿಡಬೇಡಿ.

ರೀಲ್_ಪೆಟ್ಟಿಗೆ (ಮಡಿಕೇರಿ)

ಇದೇ ಎಳೆಯಲ್ಲಿ ಕೇಳಬಹುದಾ? ಮನೆಯಲ್ಲಿ ವಿಎಚ್‌ಎಸ್ ಕ್ಯಾಸೆಟ್ಟು, ಒಂದಷ್ಟು ವಿಸಿಡಿ, ಹಾಕಿ ಉತ್ಸವದ ಪಂದ್ಯಗಳ ರೆಕಾರ್ಡಿಂಗ್ ಇವೆ. ಕ್ಯಾಸೆಟ್ಟಿನ ಕಿಂಡಿಯಲ್ಲಿ ಬಿಳಿ ಬೂಷ್ಟು ಕಾಣುತ್ತೆ.

ಮಂಜು_ಮುಸುಕು

ಬೂಷ್ಟು ಕಂಡ ಕ್ಯಾಸೆಟ್ಟನ್ನ ವಿಸಿಆರಿಗೆ ತುರುಕಬೇಡಿ. ಹೆಡ್ಡಿಗೆ ಮೆತ್ತಿಕೊಂಡು ಆಮೇಲೆ ಹಾಕುವ ಒಳ್ಳೇ ಕ್ಯಾಸೆಟ್ಟಿಗೂ ಅಂಟುತ್ತೆ, ಟೇಪ್ ಸುರುಳಿ ಅಂಟಿಕೊಂಡಿದ್ದರೆ ಹರಿದೇ ಹೋಗುತ್ತೆ. ಒಣ ಹವೆ ಬಂದ ಮೇಲೆ, ಜನವರಿ ಫೆಬ್ರವರಿಯಲ್ಲಿ, ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಕೆಲವು ವಾರ ಇಟ್ಟು ಒಣಗಿಸಿ. ಬಿಸಿಲಿಗೆ ಇಡಬೇಡಿ, ಒಲೆ ಮೇಲಿನ ಅಟ್ಟವಂತೂ ಬೇಡವೇ ಬೇಡ. ಶಾಖಕ್ಕೆ ಟೇಪ್ ಸೊಟ್ಟಗಾಗುತ್ತೆ, ಹೊಗೆಯ ಎಣ್ಣೆಜಿಡ್ಡು ಬೇರೆ. ಒಣಗಿದ ಬೂಷ್ಟನ್ನ ಹೊರಾಂಗಣದಲ್ಲಿ, ಮಾಸ್ಕ್ ಹಾಕಿ ಒರೆಸಬೇಕು. ಅಪರೂಪದ ಕ್ಯಾಸೆಟ್ಟಾದರೆ ಈ ಕೆಲಸ ಬಲ್ಲವರ ಕೈಗೇ ಕೊಡಿ.

ಬಿಟ್‌ರೇಟ್_ಗೋಣಿಕೊಪ್ಪ

ವಿಎಚ್‌ಎಸ್ಸಿಗೆ 720 ಅಗಲ ವ್ಯರ್ಥ. ಟೇಪಲ್ಲಿರುವ ವಿವರವೇ ಅಡ್ಡಕ್ಕೆ 240 ಗೆರೆಯಷ್ಟು. 352×576 ಡಿವಿಡಿಗೆ ಒಪ್ಪಿತ ಅಳತೆ, 4:3ಗೆ ಮಾತ್ರ. 3 ಗಂಟೆಯ ಕ್ಯಾಸೆಟ್ ಒಂದು ಡಿಸ್ಕಿಗೆ 3.1 ಮೆಗಾಬಿಟ್ಟಲ್ಲಿ ಕೂರುತ್ತೆ. ಅದೇ ಬಿಟ್‌ರೇಟನ್ನ 720ಕ್ಕೆ ಹಂಚಿದ್ದಕ್ಕಿಂತ ಸ್ವಚ್ಛ ಕಾಣುತ್ತೆ. ಕ್ಯಾಪ್ಚರ್ ಮಾಡುವಾಗ ಡಿಇಂಟರ್ಲೇಸ್ ಬೇಡ, ಹಾಗೇ ಹಿಡಿಯಿರಿ. ಡಿವಿ ಫಾರ್ಮ್ಯಾಟಲ್ಲಿ ಹಿಡಿದರೆ ಗಂಟೆಗೆ 13 ಜಿಬಿ ಜಾಗ ಬೇಕು. ಚಿತ್ರದ ತಳದಲ್ಲಿ ಎಂಟು ಹತ್ತು ಗೆರೆ ಹರಿದಂತೆ ಕಾಣೋದು ಹೆಡ್ ಬದಲಾಗುವ ಗುರುತು, ಡಬ್ಬಾ ಟಿವಿ ಅದನ್ನ ಹೇಗೂ ನುಂಗುತ್ತೆ. ಎಲ್‌ಇಡಿಗಾದರೆ ಕಪ್ಪು ಪಟ್ಟಿಯಲ್ಲಿ ಮುಚ್ಚಿ.

ವಿಸಿಡಿಯದು ಎಲ್ಲಕ್ಕಿಂತ ಸುಲಭ, ಜನ ಸುಮ್ಮನೆ ಕಷ್ಟ ಮಾಡಿಕೊಳ್ತಾರೆ. ಅದರ ಡಿಎಟಿ ಫೈಲೊಳಗಿರೋದು 352×288ರ ಎಂಪೆಗ್-1, 1.15 ಮೆಗಾಬಿಟ್. ಇದನ್ನ ಡಿವಿಡಿ ಹಾಗೇ ಒಪ್ಪುತ್ತೆ. ಚಿತ್ರ ಮುಟ್ಟಬೇಡಿ, ಧ್ವನಿಯನ್ನ ಮಾತ್ರ 44.1ರಿಂದ 48 ಕಿಲೋಹರ್ಟ್ಸಿಗೆ ಬದಲಿಸಿ. ಐದು ವಿಸಿಡಿ ಒಂದೇ ಡಿವಿಡಿಗೆ ಹಿಡಿಸುತ್ತೆ, ಗುಣಮಟ್ಟ ಒಂದಿಷ್ಟೂ ಕುಂದಲ್ಲ. 720ಕ್ಕೆ ಹಿಗ್ಗಿಸಿ ಮತ್ತೆ ಎನ್‌ಕೋಡ್ ಮಾಡೋದ್ರಿಂದ ಜಾಗ ಹಾಳು, ಚೌಕ ಇನ್ನೂ ದಪ್ಪ.

ಹಾಕಿ ಪಂದ್ಯಕ್ಕೆ 50 ಫೀಲ್ಡ್ ಬಿಡಲೇಬೇಡಿ, 6 ಮೆಗಾಬಿಟ್ಟಿಗಿಂತ ಕೆಳಗೆ ಇಳಿಸಬೇಡಿ. ಅಂದರೆ ಡಿಸ್ಕಿಗೆ 95 ನಿಮಿಷ. ಬಿಳಿ ಚೆಂಡು ಐದಾರು ಪಿಕ್ಸೆಲ್ಲಿನ ಚುಕ್ಕಿ, ಬಿಟ್ ಸಾಲದಾದಾಗ ಎನ್‌ಕೋಡರ್ ಮೊದಲು ಬಿಸಾಕೋದು ಅದನ್ನೇ.

ತೋಟದಮನೆ

ಆರ್‌ಡಬ್ಲ್ಯುನಲ್ಲಿ ಬರೆದು ನೋಡಿದೆ, ಊರಿನ ಪ್ಲೇಯರಲ್ಲಿ ಓಡ್ತು. ಧ್ವನಿ ಕೂಡ ಸರಿ. ಮೈನಸ್ ಆರ್‌ಗೆ ಬರೆದು ನೆಂಟರಿಗೂ ಹಂಚಬೇಕು. ಮೇಲೆ ಹೆಸರಿನ ಸ್ಟಿಕ್ಕರ್ ಅಂಟಿಸಬಹುದಾ? ಎಲ್ಲಿ ಇಟ್ಟರೆ ಬಾಳಿಕೆ?

ಹಳೇ_ಪ್ಲೇಯರ್

ಸ್ಟಿಕ್ಕರ್ ಬೇಡ. ಒಂದು ಕೂದಲೆಳೆ ಓರೆಯಾಗಿ ಅಂಟಿದರೂ ಡಿಸ್ಕ್ ತಿರುಗುವಾಗ ಅದುರುತ್ತೆ. ನಮ್ಮ ಥಂಡಿಗೆ ಅಂಚು ಎದ್ದು ಪ್ಲೇಯರ್ ಒಳಗೇ ಸಿಕ್ಕಿಕೊಳ್ಳುತ್ತೆ. ಡಿಸ್ಕಿಗೆಂದೇ ಬರುವ ನೀರು ಆಧಾರಿತ ಮಾರ್ಕರಲ್ಲಿ ಮೇಲ್ಭಾಗಕ್ಕೆ ಬರೆಯಿರಿ, ಬಾಲ್‌ಪೆನ್ ಬೇಡ. ಇಂಕ್‌ಜೆಟ್ ಪ್ರಿಂಟೆಬಲ್ ಡಿಸ್ಕ್ ಸಿಕ್ಕರೆ ಅದು ಚಂದ, ಆದರೆ ಪ್ರಿಂಟಾದ ಮೇಲೆ ಒಂದು ದಿನ ಒಣಗೋಕೆ ಬಿಡಿ.

ತೆಳು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಒಂದರ ಮೇಲೊಂದು ಪೇರಿಸಿದರೆ ಮಳೆಗಾಲಕ್ಕೆ ಅಂಟಿಕೊಳ್ಳುತ್ತೆ. ಗಟ್ಟಿ ಕೇಸಲ್ಲಿ, ಪುಸ್ತಕದಂತೆ ನಿಲ್ಲಿಸಿ, ಬೆಳಕು ಬೀಳದ ಕಡೆ, ಗೋಡೆಗೆ ತಾಗದ ಕಪಾಟಲ್ಲಿ ಇಡಿ. ಜೊತೆಗೆ ಸಿಲಿಕಾ ಜೆಲ್ ಚೀಲ ಹಾಕಿ, ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಇಡಿ. ಒರೆಸೋದಾದರೆ ನಡುವಿಂದ ಅಂಚಿಗೆ ನೇರ, ಸುತ್ತಲೂ ಅಲ್ಲ. ಸುತ್ತಿಗೆ ಸಮನಾಗಿ ಬೀಳುವ ಗೀರನ್ನ ಪ್ಲೇಯರ್ ಸರಿಪಡಿಸಿಕೊಳ್ಳೋಕಾಗಲ್ಲ, ಅಡ್ಡ ಬಿದ್ದ ಗೀರನ್ನ ದಾಟಿ ಹೋಗುತ್ತೆ.

ಕೊಂಬುಕೊಟ್ಟು

ಡಿವಿಡಿ ಮಾಡಿದಿರಿ ಅಂತ ಆ ಎಂಟಿಎಸ್ ಅಳಿಸಬೇಡಿ. ಡಿಸ್ಕಲ್ಲಿರೋದು ಕುಗ್ಗಿಸಿದ ಪ್ರತಿ. ಮೂಲವನ್ನ ಎರಡು ಬೇರೆ ಹಾರ್ಡ್ ಡಿಸ್ಕಿಗೆ ಹಾಕಿ, ಒಂದು ಬೇರೆ ಮನೆಯಲ್ಲಿರಲಿ. ಐಎಸ್ಒ ಫೈಲನ್ನೂ ಜೊತೆಗಿಡಿ, ಯಾರಾದರೂ ಇನ್ನೊಂದು ಪ್ರತಿ ಕೇಳಿದರೆ ಬರೆಯೋದಷ್ಟೇ ಕೆಲಸ.

ತೋಟದಮನೆ

ಸರಿ ಅಣ್ಣ. ಐಎಸ್ಒ ಇದೆ, ಮಾರ್ಕರ್ ನಾಳೆ ವಿರಾಜಪೇಟೆಯಲ್ಲಿ ತಗೊಳ್ತೀನಿ. ಎರಡನೇ ಡಿಸ್ಕಿನ ವಾಲಗದ ಭಾಗಕ್ಕೆ ಧ್ವನಿ 192 ಕಿಲೋಬಿಟ್ ಸಾಕಾ, 224 ಬೇಕಾ?

ಕೊಂಬುಕೊಟ್ಟು

224 ಕೊಡಿ. ಕೊಂಬಿನ ಏರುದನಿ, ಕೊಟ್ಟಿನ (ಬಡಿಯುವ ವಾದ್ಯ) ಪೆಟ್ಟು ಒಟ್ಟಿಗೆ ಬಂದಾಗ 192ರಲ್ಲಿ ಸ್ವಲ್ಪ ಸಿಡಿದಂತೆ ಕೇಳಬಹುದು. ಅದಕ್ಕಿಂತ ಮುಖ್ಯ, ಎನ್‌ಕೋಡ್ ಮಾಡುವ ಮೊದಲು ಗರಿಷ್ಠ ಮಟ್ಟ ಮೈನಸ್ 3 ಡೆಸಿಬೆಲ್‌ಗೆ ಇಳಿಸಿ. ಕ್ಯಾಮೆರಾದಲ್ಲೇ ಒಡೆದು ರೆಕಾರ್ಡ್ ಆಗಿದ್ದರೆ ಅದಕ್ಕೆ ಏನೂ ಮಾಡೋಕಾಗಲ್ಲ.